ಬಾಲಿಯ ಒಂದು ಮನೆಯಲ್ಲಿ ಹಬ್ಬದ ಸಿದ್ಧತೆ

2024ರ ಸೆಪ್ಟೆಂಬರ್ 22, ಭಾನುವಾರ. ಬಾಲಿ ದ್ವೀಪದ ಗಿಯಾನ್ಯಾರ್ ಜಿಲ್ಲೆಯಲ್ಲಿ ತಂಪಾಕ್‌ಸಿರಿಂಗ್ ಎಂಬ ಊರಿಗೆ ಸಮೀಪದ ಗ್ರಾಮವೊಂದರ ಮನೆಯಂಗಳವನ್ನು ನಾನು ಹೊಕ್ಕಾಗ, ಎಂಬತ್ತು ದಾಟಿದ ವೃದ್ಧೆಯೊಬ್ಬರು ದೊಡ್ಡ ಮಣ್ಣಿನ ಹರವಿಯ ಮುಂದೆ ಕುಳಿತಿದ್ದರು. ಹಸಿರು ಬಾಳೆಕಾಯಿಯ ಚಿಪ್ಪುಗಳನ್ನು ಒಂದೊಂದಾಗಿ ಅದರೊಳಗೆ ಇಳಿಸಿ, ಮೇಲೆ ಒಣ ಬಾಳೆಲೆ ಹೊದಿಸಿ, ಬಾಯಿ ಮುಚ್ಚುತ್ತಿದ್ದರು. ನಮ್ಮಲ್ಲಿ ಕಾಯಿಯನ್ನು ಅಡೆ ಹಾಕುವುದು ಎನ್ನುತ್ತೇವಲ್ಲ, ಅದೇ ಕೆಲಸ. ಬುಧವಾರ ಗಲುಂಗಾನ್ ಹಬ್ಬ. ಅಷ್ಟರೊಳಗೆ ಕಾಯಿ ಹಣ್ಣಾಗಬೇಕು. ಆ ಭಾನುವಾರಕ್ಕೆ ಹೆಸರೇ ಪೆನ್ಯೆಕೆಬಾನ್, ಎಂದರೆ ಮುಚ್ಚಿಡುವ ದಿನ. ಬಾಳೆಕಾಯಿಯನ್ನು ಮುಚ್ಚಿಡುವಂತೆ ಮನಸ್ಸನ್ನೂ ಅಂದಿನಿಂದ ಹೊರಗೆ ಹರಿಯಗೊಡದೆ ಬಿಗಿಹಿಡಿಯಬೇಕು. ಏಕೆಂದರೆ ಹಬ್ಬಕ್ಕೆ ಮುಂಚಿನ ಮೂರು ದಿನ ಕಾಲನ ಮೂರು ರೂಪಗಳು ಭೂಮಿಗಿಳಿದು ಮನುಷ್ಯರನ್ನು ಕೆಣಕುತ್ತವೆಂದು ಅವರ ನಂಬಿಕೆ.

ಮನೆಯ ಯಜಮಾನರು ನನ್ನ ಮಿತ್ರರು. ಯೌವನದಲ್ಲಿ ಕೆಲವು ವರ್ಷ ಭಾರತದಲ್ಲಿದ್ದು ಸಂಸ್ಕೃತ ಓದಿದವರು. ಅಧ್ಯಾಪಕ ವೃತ್ತಿಯಿಂದ ನಿವೃತ್ತರಾಗಿ ಈಗ ಹಳ್ಳಿಯಲ್ಲಿ ನೆಲೆಸಿದ್ದಾರೆ. ವೃದ್ಧೆ ಅವರ ತಾಯಿ. ನಾನು ಅಷ್ಟು ದೂರ ಹೋದದ್ದು ಅವರ ಮನೆಯಲ್ಲಿರುವ ತಾಳೆಗರಿಯ ಗ್ರಂಥಗಳನ್ನು ನೋಡಲೆಂದು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿಯೇ ನನ್ನ ಕೈಗೆ ಸಿಲ್ವಾಂ ಲೆವಿ ಎಂಬ ಫ್ರೆಂಚ್ ವಿದ್ವಾಂಸರು ಸಂಪಾದಿಸಿದ, 1933ರಲ್ಲಿ ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಪ್ರಕಟವಾದ ಬಾಲಿಯ ಸಂಸ್ಕೃತ ಪಾಠಗಳ ಸಂಪುಟ ಬಂದಿತ್ತು. ಅಂದಿನಿಂದ ಬಾಲಿ ಎಂದರೆ ನನಗೆ ಸ್ತೋತ್ರಗಳ ದ್ವೀಪ. ಆದರೆ ಮಿತ್ರರು ನನ್ನ ಅವಸರ ಕಂಡು ನಕ್ಕುಬಿಟ್ಟರು. “ಗುರುವಾರದವರೆಗೆ ಗ್ರಂಥದ ಕಟ್ಟು ಬಿಚ್ಚಲು ಯಾರಿಗೂ ಪುರಸೊತ್ತಿಲ್ಲ. ಅಲ್ಲಿಯವರೆಗೆ ಅಂಗಳದಲ್ಲಿ ಕುಳಿತು ನೋಡುತ್ತಿರಿ” ಎಂದರು. ಹಾಗೆ ಕುಳಿತು ಕಂಡದ್ದನ್ನು ಓದುಗರ ಮುಂದಿಡುತ್ತಿದ್ದೇನೆ. ಆ ದಿನಗಳಲ್ಲಿ ನನ್ನ ಕಿವಿಗೆ ಬಿದ್ದ ಸ್ತೋತ್ರಗಳು ಬೆರಳೆಣಿಕೆಯವು; ಕಣ್ಣಿಗೆ ಬಿದ್ದ ಕೈಗೆಲಸಕ್ಕೆ ಲೆಕ್ಕವಿಲ್ಲ.

ಮೊದಲು ಪಂಚಾಂಗದ ಮಾತು. ಗಲುಂಗಾನ್ ವರ್ಷಕ್ಕೊಮ್ಮೆ ಬರುವ ಹಬ್ಬವಲ್ಲ. ಬಾಲಿಯವರಲ್ಲಿ ‘ಪವುಕೋನ್’ ಎಂಬ 210 ದಿನಗಳ ಕಾಲಚಕ್ರವೊಂದುಂಟು. ಅದರಲ್ಲಿ ಏಳು ದಿನಗಳ ಮೂವತ್ತು ವಾರಗಳು. ಪ್ರತಿ ವಾರಕ್ಕೂ ಪ್ರತ್ಯೇಕ ಹೆಸರು. ಇದರ ಜೊತೆಜೊತೆಗೆ ಐದು ದಿನಗಳ ಇನ್ನೊಂದು ವಾರವೂ ಸುತ್ತುತ್ತಿರುತ್ತದೆ: ಉಮಾನಿಸ್, ಪಾಇಂಗ್, ಪೋನ್, ವಾಗೆ, ಕ್ಲಿವೋನ್. ದುಂಗುಲಾನ್ ಎಂಬ ವಾರದಲ್ಲಿ ಬುಧವಾರವೂ ಕ್ಲಿವೋನ್ ದಿನವೂ ಒಂದಾಗುವಲ್ಲಿ ಗಲುಂಗಾನ್. ಹೀಗಾಗಿ 2024ರಲ್ಲಿ ಫೆಬ್ರವರಿ 28ರಂದು ಒಮ್ಮೆ, ಸೆಪ್ಟೆಂಬರ್ 25ರಂದು ಇನ್ನೊಮ್ಮೆ ಹಬ್ಬ ಬಂದಿತು. ಏಳು ವಾರಗಳ ಹೆಸರುಗಳನ್ನು ಕೇಳಿದಾಗ ನನಗೆ ರೋಮಾಂಚನವೇ ಆಯಿತು: ರೆದಿತೆ, ಸೋಮ, ಅಂಗಾರ, ಬುದ, ವ್ರಸ್ಪತಿ, ಸುಕ್ರ, ಸನಿಸ್ಚರ. ನಮ್ಮ ಹಳೆಯ ಶಾಸನಗಳ ಆದಿತ್ಯವಾರ, ಬೃಹಸ್ಪತಿವಾರ, ಶನೈಶ್ಚರವಾರಗಳನ್ನು ಇಲ್ಲಿಯ ಹಳ್ಳಿಯ ಮಕ್ಕಳು ಇಂದಿಗೂ ನಾಲಗೆಯ ಮೇಲಿಟ್ಟುಕೊಂಡಿದ್ದಾರೆ.

ಸಿದ್ಧತೆ ಆರಂಭವಾಗುವುದು ಹಬ್ಬಕ್ಕೆ 25 ದಿನ ಮೊದಲು, ತುಂಪೆಕ್ ವಾರಿಗ ಎಂಬ ಶನಿವಾರದಂದು. ಅಂದು ಗಿಡಮರಗಳಿಗೆ ಪೂಜೆ. ಅಕ್ಕಿಯ ಗಂಜಿಯನ್ನು ನೈವೇದ್ಯ ಮಾಡಿ, ಮರದ ಬೊಡ್ಡೆಯನ್ನು ಮೆಲ್ಲಗೆ ತಟ್ಟಿ, ‘ಇನ್ನು ಇಪ್ಪತ್ತೈದು ದಿನಕ್ಕೆ ಗಲುಂಗಾನ್ ಬರುತ್ತದೆ, ಚೆನ್ನಾಗಿ ಫಲ ಕೊಡು’ ಎಂಬರ್ಥದಲ್ಲಿ ಕೇಳಿಕೊಳ್ಳುತ್ತಾರಂತೆ. ಮರವನ್ನು ಮನೆಯ ಹಿರಿಯನಂತೆ ಸಂಬೋಧಿಸುತ್ತಾರೆ. ಹಬ್ಬದ ಹಿಂದಿನ ವಾರದ ಗುರುವಾರ ದೇಗುಲಗಳ ಹೊರಗಿನ ಶುದ್ಧಿ, ಶುಕ್ರವಾರ ತಮ್ಮ ಒಳಗಿನ ಶುದ್ಧಿ. ಇವೆರಡೂ ನಾನು ಬರುವ ಮೊದಲೇ ಮುಗಿದಿದ್ದವು.

ಬಾಲಿಯ ಮನೆ ಎಂದರೆ ಒಂದೇ ಕಟ್ಟಡವಲ್ಲ. ಗೋಡೆ ಸುತ್ತಿದ ಅಂಗಳದಲ್ಲಿ ಬಿಡಿಬಿಡಿಯಾಗಿ ನಿಂತ ಮಂಟಪಗಳು. ಈಶಾನ್ಯದ ಮೂಲೆಯಲ್ಲಿ ಮನೆದೇವರ ಗುಡಿಗಳು. ಅವುಗಳಲ್ಲಿ ಮೂರು ಖಾನೆಗಳ ಗುಡಿಯೊಂದಿದ್ದು, ಅಲ್ಲಿ ತ್ರಿಮೂರ್ತಿಗಳ ಜೊತೆಗೆ ಸಂಸ್ಕಾರ ಮುಗಿದ ಪಿತೃಗಳಿಗೂ ಸ್ಥಾನವುಂಟು. ಗಲುಂಗಾನ್‌ದಂದು ಆ ಪಿತೃಗಳು ಮನೆಗೆ ಬಂದು, ಹತ್ತು ದಿನವಿದ್ದು, ಕುನಿಂಗಾನ್ ಎಂಬ ಶನಿವಾರ ಹಿಂದಿರುಗುತ್ತಾರೆ. ನಮ್ಮ ನಾಡಿನಲ್ಲಿಯೂ ಅದೇ ದಿನಗಳಲ್ಲಿ ಪಿತೃಪಕ್ಷ ನಡೆದಿತ್ತು. ಎರಡು ಪಂಚಾಂಗಗಳ ಲೆಕ್ಕ ಬೇರೆಬೇರೆ. ಆ ವರ್ಷ ಮಾತ್ರ ಹಾಗೆ ಕೂಡಿಬಂದಿತ್ತು.

ಭಾನುವಾರ ಮಧ್ಯಾಹ್ನದಿಂದ ಪೂರ್ವದ ಮಂಟಪದಲ್ಲಿ ಗರಿಯ ಕೆಲಸ. ತೆಂಗಿನ ಸುಳಿಯ ಎಳೆಗರಿ, ಬೆಣ್ಣೆಯ ಬಣ್ಣದ್ದು, ರಾಶಿಯಾಗಿ ಬಿದ್ದಿತ್ತು. ಅಜ್ಜಿ, ಸೊಸೆ, ನೆರೆಮನೆಯ ಇಬ್ಬರು ಹೆಂಗಸರು ಸುತ್ತ ಕುಳಿತಿದ್ದರು. ಕಡ್ಡಿ ತೆಗೆದ ಗರಿಯನ್ನು ಮಡಿಸಿ, ಸಣ್ಣ ಚಾಕುವಿನಿಂದ ಎರಡು ಮೂರು ಸಲ ಗೀರಿ ಬಿಡಿಸಿದರೆ ಹೂವಾಗುತ್ತಿತ್ತು. ಇನ್ನೊಂದು ರೀತಿ ಮಡಿಸಿದರೆ ಚೌಕನೆಯ ತಟ್ಟೆ, ಬೀಸಣಿಗೆ, ಬುಟ್ಟಿ. ಸೂಜಿ ದಾರವಿಲ್ಲ. ಬಿದಿರಿನ ಸೀಳುಕಡ್ಡಿಯನ್ನು ಚುಚ್ಚಿ, ಉಳಿದ ತುದಿಯನ್ನು ಮುರಿದು ಬಿಡುತ್ತಿದ್ದರು. ಮುತ್ತುಗದೆಲೆಯ ಪತ್ರಾವಳಿ ಹಚ್ಚುವುದನ್ನು ಕಂಡವರಿಗೆ ಈ ಕ್ರಮ ಹೊಸದೆನಿಸದು. ಆದರೆ ಪತ್ರಾವಳಿಗೆ ಆಕಾರ ಒಂದೇ. ಇಲ್ಲಿ ಒಂದೊಂದು ದೇವತೆಗೆ, ಒಂದೊಂದು ಗುಡಿಗೆ, ಒಂದೊಂದು ವಿಧಿಗೆ ಬೇರೆಬೇರೆ. ಯಾರ ಮುಂದೆಯೂ ಪುಸ್ತಕವಿರಲಿಲ್ಲ. ‘ಎಷ್ಟು ಬಗೆ?’ ಎಂದು ನಾನು ಕೇಳಿಸಿದ್ದಕ್ಕೆ ಅಜ್ಜಿ ಎಣಿಸಲು ತೊಡಗಿ, ಹತ್ತಾರು ಹೆಸರು ಹೇಳಿ, ಕೊನೆಗೆ ತಮ್ಮ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿ ತೋರಿಸಿದರು.

ನಿತ್ಯವೂ ಮನೆಮನೆಯಲ್ಲಿ ಇಡುವ ಸಣ್ಣ ಅರ್ಪಣೆಗೆ ಚನಾಂಗ್ ಸಾರಿ ಎಂದು ಹೆಸರು. ಅಂಗೈಯಗಲದ ಗರಿಯ ತಟ್ಟೆಯಲ್ಲಿ ಪೂರ್ವಕ್ಕೆ ಬಿಳಿಯ ಹೂ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಅಥವಾ ಹಸಿರು. ಕ್ರಮವಾಗಿ ಈಶ್ವರ, ಬ್ರಹ್ಮ, ಮಹಾದೇವ, ವಿಷ್ಣು, ನಡುವೆ ಶಿವ. ಈಶ್ವರ, ಮಹಾದೇವ, ಶಿವ ಎಂಬ ಹೆಸರುಗಳನ್ನು ನಾವು ಒಬ್ಬನಿಗೇ ಹೇಳುವವರು. ಅವರು ಒಬ್ಬನನ್ನೇ ದಿಕ್ಕುದಿಕ್ಕಿಗೂ ನಿಲ್ಲಿಸಿ ಹೂ ಏರಿಸುತ್ತಾರೆ. ಹೂವಿನ ಅಡಿಯಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣಗಳನ್ನು ಸೇರಿಸಿದ ಪುಟ್ಟ ಮಡಿಕೆ ಇರಲೇಬೇಕು. ಅದಿಲ್ಲದೆ ಅರ್ಪಣೆ ಅರ್ಪಣೆಯಲ್ಲ. ಎಲೆಯಡಿಕೆಯಿಲ್ಲದೆ ಶುಭಕಾರ್ಯ ನಡೆಸದ ನಾಡಿನವನಾದ ನಾನು ಅದನ್ನು ಕಂಡು, ಕೈಸನ್ನೆಯಿಂದಲೇ, ‘ನಮ್ಮಲ್ಲಿಯೂ ಉಂಟು’ ಎಂದೆ. ಅಜ್ಜಿ ಒಂದು ಎಲೆ ಮಡಿಸಿ ನನ್ನ ಕೈಗೇ ಕೊಟ್ಟರು.

ಹಬ್ಬಕ್ಕೆಂದೇ ಮಾಡುವ ವಿಶೇಷವೆಂದರೆ ಲಾಮಾಕ್. ಗುಡಿಯ ಪೀಠದಿಂದ ಕೆಳಗೆ ಇಳಿಬಿಡುವ ಉದ್ದನೆಯ ಗರಿಯ ಪಟ. ಎಳೆಗರಿಯ ತಿಳಿಹಳದಿಯ ಮೇಲೆ ಬಲಿತ ಗರಿಯ ಹಸಿರನ್ನು ಕತ್ತರಿಸಿ ಕೂಡಿಸಿ ಪರ್ವತ, ಮರ, ಬೀಸಣಿಗೆಯಂಥ ತಲೆಯುಡುಗೆಯ ಸ್ತ್ರೀರೂಪ ಇವನ್ನು ಮೂಡಿಸುತ್ತಾರೆ. ಇದೊಂದರ ಮೇಲೆಯೇ ಡಚ್ ವಿದುಷಿ ಫ್ರಾನ್ಸಿನ್ ಬ್ರಿಂಕ್‌ಗ್ರೇವ್ ಅವರು 2016ರಲ್ಲಿ ಒಂದು ಗ್ರಂಥ ಪ್ರಕಟಿಸಿದ್ದಾರೆಂದರೆ ಇದರ ವೈವಿಧ್ಯವನ್ನು ಊಹಿಸಬಹುದು. ಅಜ್ಜಿ ಭಾನುವಾರ ಸಂಜೆ ಹಿಡಿದ ಲಾಮಾಕ್ ಮುಗಿದದ್ದು ಮಂಗಳವಾರ. ಅದರ ಆಯುಷ್ಯ ಒಂದೆರಡು ದಿನ. ಬಾಡಿದ ಮೇಲೆ ಕಸದ ಗುಂಡಿಗೆ. ಮುಂದಿನ ಗಲುಂಗಾನ್‌ಗೆ ಮತ್ತೆ ಹೊಸದು. ಹೀಗೆ ಅವರು ಹುಡುಗಿಯಾದಾಗಿನಿಂದ ನೂರಕ್ಕೂ ಮೀರಿ ಗಲುಂಗಾನ್‌ಗಳಿಗೆ ಕತ್ತರಿಸಿರಬೇಕು, ಒಂದೂ ಉಳಿದಿಲ್ಲ.

ಆದರೆ ನೆರೆಮನೆಯ ಹೆಂಗಸರಲ್ಲಿ ಒಬ್ಬರು ಬಿದಿರುಕಡ್ಡಿಯ ಬದಲು ಕಚೇರಿಯಲ್ಲಿ ಕಾಗದಕ್ಕೆ ಹೊಡೆಯುವ ಸ್ಟೇಪ್ಲರ್ ತಂದಿದ್ದರು. ಅವರು ಒಂದು ಆಸ್ಪತ್ರೆಯಲ್ಲಿ ದಾದಿ. ಮುಂಜಾನೆ ಪಾಳಿ ಮುಗಿಸಿ ಬಂದು ಕುಳಿತಿದ್ದರು. ಅಜ್ಜಿಗೆ ಆ ತಂತಿಯ ಟಕಟಕ ಸದ್ದು ಸೇರುತ್ತಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು; ಬಾಯಿಂದ ಏನನ್ನೂ ಅನ್ನಲಿಲ್ಲ. ಮಿತ್ರರ ಅಸಮಾಧಾನ ಬೇರೆ ಬಗೆಯದು: ಬಿದಿರು ಮಣ್ಣಾಗುತ್ತದೆ, ಕಬ್ಬಿಣದ ತಂತಿ ಗೊಬ್ಬರದ ಗುಂಡಿಯಲ್ಲಿ ಹಾಗೆಯೇ ಉಳಿದು ಕೈಗೆ ಚುಚ್ಚುತ್ತದೆ. ಬಾಲಿಯ ರಾಜ್ಯಪಾಲರು 2018ರಲ್ಲಿ ಹೊರಡಿಸಿದ ನಿಯಮದಿಂದ ಪ್ಲಾಸ್ಟಿಕ್ ಚೀಲಗಳಿಗೆ ನಿರ್ಬಂಧ ಬಂದಿದೆ. ಆದರೂ ಪೇಟೆಯಿಂದ ತಂದ ಹೂವು, ತಿಂಡಿಗಳ ಜೊತೆಗೆ ತೆಳುವಾದ ಪ್ಲಾಸ್ಟಿಕ್ ಅಂಗಳಕ್ಕೆ ಬಂದೇ ಬರುತ್ತಿತ್ತು. ಗರಿಯೂ ಈಗ ಊರಿನ ಮರದಿಂದಷ್ಟೇ ಸಾಲದೆ ಸಮುದ್ರ ದಾಟಿ ಪೂರ್ವ ಜಾವಾದ ಬನ್ಯುವಾಂಗಿಯಿಂದ ಲಾರಿಗಳಲ್ಲಿ ಬರುತ್ತದೆ. ಪೇಟೆಯಲ್ಲಿ ಸಿದ್ಧ ಅರ್ಪಣೆಗಳೇ ಸಿಗುತ್ತವೆ. ಕೊಂಡು ತಂದ ಅರ್ಪಣೆಗೆ ಏನು ಬೆಲೆ ಎಂದು ನನ್ನ ಮನಸ್ಸು ಮೊದಲು ಮೂಗು ಮುರಿಯಿತು. ನಮ್ಮ ಪಟ್ಟಣದ ಮನೆಗಳಲ್ಲಿ ಹಬ್ಬದ ಹೋಳಿಗೆ ಅಂಗಡಿಯಿಂದ ಬರುವುದು ನೆನಪಾಗಿ ಸುಮ್ಮನಾದೆ.

ಸೋಮವಾರ ಪೆನ್ಯಜಾನ್, ಅಕ್ಕಿಹಿಟ್ಟಿನ ತಿಂಡಿಗಳ ದಿನ. ಹುರಿದ ತೆಂಗಿನೆಣ್ಣೆಯ ಪರಿಮಳ ಬೀದಿಯೆಲ್ಲ. ಅಂಟಕ್ಕಿಯನ್ನು ಬೇಯಿಸಿ, ತೆಂಗಿನಕಾಯಿ ಸೇರಿಸಿ ಕುಟ್ಟಿ ಮಾಡಿದ ‘ಉಲಿ’, ಅದರೊಡನೆ ತಿನ್ನುವ ಹುದುಗಿಸಿದ ಅನ್ನದ ‘ತಾಪೆ’. ತಾಪೆಗೆ ‘ರಾಗಿ’ ಹಾಕಿದ್ದೇವೆಂದು ಸೊಸೆ ಹೇಳಿದಾಗ, ಬಾಲಿಯಲ್ಲಿ ರಾಗಿ ಬೆಳೆಯುತ್ತೀರಾ ಎಂದು ನಾನು ಹಿಗ್ಗಿ ಕೇಳಿದೆ. ಅವರ ಭಾಷೆಯಲ್ಲಿ ರಾಗಿ ಎಂದರೆ ಹುದುಗು ಬರಿಸುವ ಬೀಜದುಂಡೆಯಂತೆ! ಮನೆಯವರೆಲ್ಲ ಅದನ್ನೇ ಹೇಳಿಕೊಂಡು ಸಂಜೆಯವರೆಗೆ ನಕ್ಕರು. ತಾಪೆಯಲ್ಲಿ ತುಸು ಮತ್ತೇರಿಸುವ ಗುಣವಿರುವುದರಿಂದ ನಾನು ಕೈ ಮುಗಿದು ಬಿಟ್ಟೆ.

ಆ ರಾತ್ರಿ ಒಂಬತ್ತರ ಮೇಲೆ ಮಿತ್ರರ ಮಗಳು ಬಂದಳು. ಉಬುದ್ ಪಟ್ಟಣದ ಹೋಟೆಲೊಂದರಲ್ಲಿ ಕೆಲಸ. ಹಬ್ಬಕ್ಕೆ ಶಾಲೆ ಕಚೇರಿಗಳಿಗೆ ರಜೆಯುಂಟು. ಆದರೆ 2024ರಲ್ಲಿ 60 ಲಕ್ಷಕ್ಕೂ ಹೆಚ್ಚು ವಿದೇಶೀ ಪ್ರವಾಸಿಗರು ಬಂದ ದ್ವೀಪದಲ್ಲಿ ಹೋಟೆಲುಗಳು ಬಾಗಿಲು ಹಾಕುವಂತಿಲ್ಲ. ಮಂಗಳ, ಬುಧ ಎರಡು ದಿನ ಸಿಕ್ಕಿದ್ದೇ ಆಕೆಯ ಪುಣ್ಯ. ಬಂದವಳು ಉಡುಪು ಬದಲಿಸಿ, ಅಜ್ಜಿಯ ಎದುರು ಕುಳಿತು ಚಾಕು ಹಿಡಿದಳು. ಹಸಿರು ಗರಿಯನ್ನು ಅಜ್ಜಿ ಕತ್ತರಿಸುವುದು, ಅದನ್ನು ಹಳದಿಯ ಮೇಲೆ ಕೂಡಿಸುವುದು ಮೊಮ್ಮಗಳು. ಇಬ್ಬರೂ ಮಾತಾಡಲಿಲ್ಲ.

ಆಕೆ ಇದನ್ನು ಕಲಿತ ಬಗೆಯನ್ನು ಮಿತ್ರರು ಆಮೇಲೆ ಹೇಳಿದರು. ಶಾಲೆಯ ದಿನಗಳಲ್ಲಿ ಅವಳಿಗೆ ಗರಿಯ ಕೆಲಸವೆಂದರೆ ಆಗುತ್ತಿರಲಿಲ್ಲ. 2020ರಲ್ಲಿ ಕೊರೊನಾ ಬಂದು ಪ್ರವಾಸಿಗರು ನಿಂತರು, ಹೋಟೆಲುಗಳು ಮುಚ್ಚಿದವು, ದುಡಿಯಲು ಹೋಗಿದ್ದ ಮಕ್ಕಳೆಲ್ಲ ಹಳ್ಳಿಗೆ ಮರಳಿದರು. ಆ ವರ್ಷದ ಸೆಪ್ಟೆಂಬರ್ 16ರ ಗಲುಂಗಾನ್‌ಗೆ ಪೇಟೆಯಿಂದ ಏನನ್ನೂ ಕೊಳ್ಳಲು ಮನೆಯಲ್ಲಿ ದುಡ್ಡಿರಲಿಲ್ಲ. ಎಲ್ಲವನ್ನೂ ಕೈಯಿಂದಲೇ ಮಾಡಬೇಕಾಯಿತು. ಮೊಮ್ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು ತಿಂಗಳುಗಟ್ಟಲೆ ಕಲಿತಳು. “ಆ ವರ್ಷ ನಾವು ಬಡವರಾದೆವು. ಅದಿಲ್ಲದಿದ್ದರೆ ಅಮ್ಮನ ಲಾಮಾಕ್ ಅಮ್ಮನೊಡನೆ ಹೋಗುತ್ತಿತ್ತು” ಎಂದರು. ಹಾಗೆಂದು ಆ ವರ್ಷವನ್ನು ಮತ್ತೆ ಬಯಸಬೇಕೆ ಎಂದು ಅವರೇ ತಮ್ಮನ್ನು ಕೇಳಿಕೊಂಡು ತಲೆಯಾಡಿಸಿದರು.

ಮಂಗಳವಾರದ ಸಂಗತಿ ಬರೆಯುವುದು ನನಗೆ ಕಷ್ಟ. ಬರೆಯದೆ ಬಿಟ್ಟರೆ ಅಪ್ರಾಮಾಣಿಕತೆಯಾದೀತು. ಅಂದು ಪೆನಾಂಪಹಾನ್. ‘ತಾಂಪಾಹ್’ ಎಂದರೆ ಕಡಿಯುವುದು. ಕೋಳಿ ಕೂಗುವ ಮೊದಲೇ ಬಾಂಜಾರ್‌ನ ಮರದ ಗಂಟೆ, ಅವರ ‘ಕುಲ್‌ಕುಲ್’, ಬಡಿಯಿತು. ಬಾಂಜಾರ್ ಎಂದರೆ ಓಣಿಯ ಮನೆಗಳೆಲ್ಲ ಸೇರಿದ ಸಂಘ. ಹುಟ್ಟು, ಸಾವು, ಹಬ್ಬ, ದುರಸ್ತಿ ಎಲ್ಲಕ್ಕೂ ಅದೇ ಆಸರೆ. ಗಂಡಸರು ಚಾಕು, ಕೊರಡು ಹಿಡಿದು ಹೊರಟರು. ಹಲವು ಮನೆಗಳು ಕೂಡಿ ಒಂದು ಹಂದಿಯನ್ನು ಕೊಂಡು ಹಂಚಿಕೊಳ್ಳುವ ರೂಢಿ. ದೂರದಿಂದ ಆ ಪ್ರಾಣಿಯ ಕೂಗು ಕೇಳಿತು. ಜಾತ್ರೆಯ ಮುನ್ನಾದಿನ ಮಠದ ಅಡುಗೆಮನೆಯಲ್ಲಿ ರಾತ್ರಿಯಿಡೀ ಕುಂಬಳಕಾಯಿ ಹೆಚ್ಚಿ ಬೆಳೆದ ನನಗೆ, ಸಾಲಾಗಿ ಕುಳಿತ ಗಂಡಸರ ಚಾಕುಗಳ ಸದ್ದು ಪರಿಚಿತವೆನಿಸಿತು. ಹೆಚ್ಚುತ್ತಿದ್ದ ವಸ್ತುವಿನ ಕಡೆಗೆ ಕಣ್ಣೆತ್ತಲಾಗಲಿಲ್ಲ. ನಾನು ಹಿಂದಿರುಗಿ ಬಂದು ಗುಡಿಯ ಬಳಿ ಕುಳಿತೆ.

ತಮ್ಮೊಳಗಿನ ಪಶುವನ್ನು ಕೊಲ್ಲುವ ಸಂಕೇತವಿದು ಎಂದು ಅಲ್ಲಿಯ ಪಂಡಿತರು ವ್ಯಾಖ್ಯಾನಿಸುತ್ತಾರೆ. ಒಳಗಿನ ಪಶುವಿಗಾಗಿ ಹೊರಗಿನ ಪಶು ಏಕೆ ಸಾಯಬೇಕೆಂದು ಮಿತ್ರರನ್ನು ನೇರವಾಗಿಯೇ ಕೇಳಿದೆ. ಅವರು ವಾದಕ್ಕೆ ಬರಲಿಲ್ಲ. “ನಿಮ್ಮ ಪ್ರಶ್ನೆ ನಮ್ಮಲ್ಲಿಯೂ ಕೆಲವರು ಕೇಳುತ್ತಿದ್ದಾರೆ; ಮಾಂಸ ಬಿಟ್ಟ ಪಂಥಗಳು ಇಲ್ಲಿಯೂ ಬಂದಿವೆ. ಆದರೆ ನಾಳೆ ನನ್ನ ಮನೆಗೆ ಬರುವವರು ನನ್ನ ತಂದೆ. ಅವರು ಜೀವಮಾನವೆಲ್ಲ ಉಂಡದ್ದನ್ನು ಬಿಟ್ಟು ಬೇರೆ ಏನನ್ನು ಬಡಿಸಲಿ?” ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಇಂದಿಗೂ ಇಲ್ಲ. ಆದರೆ ಆ ಮಾತಿಗೆ ಎದುರು ಮಾತು ಹುಡುಕುತ್ತಿರುವಾಗಲೇ ಅಜ್ಜಿ ನನ್ನನ್ನು ಊಟಕ್ಕೆ ಕರೆದರು. ನನಗಾಗಿ ಹೊಸ ಮಡಕೆಯಲ್ಲಿ ಅನ್ನ. ಬೆಂದ ಸೊಪ್ಪಿಗೆ ತೆಂಗಿನ ತುರಿ ಕಲಸಿದ ‘ಉರಾಬ್’. ಅವರ ಮಸಾಲೆಗೆಲ್ಲ ಒಣಸಿಗಡಿಯ ‘ತೆರಾಸಿ’ ಬೀಳುತ್ತದೆ. ಅದಿಲ್ಲದ ಮಸಾಲೆಯನ್ನು ತೊಳೆದ ಕಲ್ಲಿನ ಮೇಲೆ ತಾವೇ ಅರೆದಿದ್ದರಂತೆ. ಅಂದು ಅವರಿಗೆ ಬಿಡುವೆಂಬುದೇ ಇರಲಿಲ್ಲವೆಂಬುದನ್ನು ಓದುಗರು ನೆನಪಿಡಬೇಕು.

ಮಧ್ಯಾಹ್ನ ಬೀದಿಯ ರೂಪವೇ ಬದಲಾಯಿತು. ಮನೆಮನೆಯ ಮುಂದೆ ಪೆಂಜೋರ್ ಎದ್ದವು. ತುದಿ ಬಾಗಿದ ಎತ್ತರದ ಬಿದಿರಿಗೆ ಗರಿಯ ಅಲಂಕಾರ, ಭತ್ತದ ತೆನೆ, ತೆಂಗಿನಕಾಯಿ, ಹಣ್ಣು, ಗೆಡ್ಡೆ, ಬಟ್ಟೆಗಳನ್ನು ಕಟ್ಟಿ, ಬುಡದಲ್ಲಿ ಬಿದಿರಿನ ಪುಟ್ಟ ಗುಡಿಯನ್ನಿಟ್ಟು ನಿಲ್ಲಿಸುತ್ತಾರೆ. ನೆಲ ಕೊಟ್ಟದ್ದೆಲ್ಲವೂ ಅದರ ಮೇಲಿರಬೇಕು. ಅದು ಅವರ ಪವಿತ್ರ ಪರ್ವತ ಆಗುಂಗ್‌ನ ಸಂಕೇತ; ನಾಗ ಬಾಸುಕಿಯೆಂದೂ, ಎಂದರೆ ನಮ್ಮ ವಾಸುಕಿಯೆಂದೂ, ಹೇಳುತ್ತಾರೆ. ಕಪಾಲ್ ಎಂಬ ಊರಿನ ಅಂಗಡಿಗಳಲ್ಲಿ ಪೆಂಜೋರಿನ ಸಿದ್ಧ ಅಲಂಕಾರಗಳೂ ಸಿಗುತ್ತವೆ. ಮಿತ್ರರ ಮನೆಯ ಪೆಂಜೋರ್ ತಂದೆ, ಮಗ, ಅಳಿಯ ಮೂವರೂ ಕೂಡಿ ಕಟ್ಟಿದ್ದು, ಸ್ವಲ್ಪ ಡೊಂಕು.

ಅದನ್ನು ನಿಲ್ಲಿಸಿ ಬೆವರೊರೆಸಿಕೊಳ್ಳುತ್ತ ಮಿತ್ರರು ಹಬ್ಬದ ಕಥೆ ಹೇಳಿದರು. ಮಾಯದೆನಾವ ಎಂಬ ರಾಜನು ದೇವಪೂಜೆಯನ್ನು ನಿಷೇಧಿಸಿದನು. ಇಂದ್ರನು ಸೇನೆಯೊಡನೆ ಇಳಿದು ಬಂದನು. ರಾಜನು ರಾತ್ರಿ ಸದ್ದಾಗದಂತೆ ಪಾದಗಳನ್ನು ಓರೆ ಮಾಡಿ ನಡೆದು ಹೋಗಿ ನೀರಿಗೆ ವಿಷ ಬೆರೆಸಿದನು. ಆ ಓರೆ ಹೆಜ್ಜೆಯಿಂದಲೇ ತಂಪಾಕ್‌ಸಿರಿಂಗ್ ಎಂಬ ಹೆಸರು. ಇಂದ್ರನು ನೆಲವನ್ನು ಚುಚ್ಚಿ ಹೊಸ ಬುಗ್ಗೆ ಹೊಮ್ಮಿಸಿ ಸೈನಿಕರನ್ನು ಬದುಕಿಸಿದನು. ಅದೇ ತೀರ್ತ ಎಂಪುಲ್, ಕ್ರಿ.ಶ. 962ರಲ್ಲಿ ಸ್ಥಾಪಿತವೆಂದು ಹೇಳುವ ಆ ತೀರ್ಥಕ್ಷೇತ್ರದಲ್ಲಿ ಇಂದಿಗೂ ಜನ ಸಾಲುಗಟ್ಟಿ ಸ್ನಾನ ಮಾಡುತ್ತಾರೆ. ಮಾಯದೆನಾವ ಸತ್ತ ದಿನದ ನೆನಪು ಗಲುಂಗಾನ್, ಧರ್ಮದ ಗೆಲವು.

ಬುಧವಾರದ ಪೂಜೆಯನ್ನು ಕುರಿತು ಬಹಳ ಬರೆಯಬೇಕಾದದ್ದಿಲ್ಲ. ಅದು ಬೇಗ ಮುಗಿಯಿತು. ಹರವಿಯ ಬಾಳೆ ಹದವಾಗಿ ಹಣ್ಣಾಗಿತ್ತು. ಬಿಳಿಯ ಉಡುಪಿನಲ್ಲಿ ಮೊದಲು ಮನೆಯ ಗುಡಿ, ಆಮೇಲೆ ಊರಿನ ಮೂರು ದೇಗುಲಗಳು. ಐದು ಸಲ ಕೈಯೆತ್ತಿ ವಂದಿಸುತ್ತಾರೆ: ನಡುವಿನ ಮೂರು ಸಲ ಹೂ ಹಿಡಿದು, ಮೊದಲ ಸಲ ಬರಿಗೈಯಲ್ಲಿ, ಕೊನೆಯ ಸಲವೂ ಬರಿಗೈಯಲ್ಲಿ. ಅರ್ಚಕರು ತೀರ್ಥ ಪ್ರೋಕ್ಷಿಸಿದರು. ಹಣೆಗೆ ಅಕ್ಕಿಕಾಳು ಹಚ್ಚಿಕೊಂಡರು. ಅದಕ್ಕೆ ಅವರು ‘ಬೀಜ’ ಎನ್ನುತ್ತಾರೆ. ಕೆಲವರು ಬುಟ್ಟಿ ಹೊತ್ತು ಸ್ಮಶಾನದ ಕಡೆಗೆ ಹೋಗುವುದನ್ನು ಕಂಡೆ. ದಹನಸಂಸ್ಕಾರಕ್ಕೆ ಖರ್ಚು ಬಹಳವಾದ್ದರಿಂದ ಹಲವರು ಶವವನ್ನು ಕೆಲಕಾಲ ಹೂಳಿಟ್ಟಿರುತ್ತಾರೆ. ಇನ್ನೂ ಮನೆಯ ಗುಡಿಗೆ ಬರಲಾರದ ಆ ಜೀವಗಳಿಗೆ ಹಬ್ಬದೂಟವನ್ನು ಅಲ್ಲಿಗೇ ಒಯ್ದು ಬಡಿಸುತ್ತಾರೆ.

ಗುರುವಾರ ಬೆಳಿಗ್ಗೆ, ಊರವರು ನೆಂಟರ ಮನೆಗಳಿಗೆ ಹೊರಡುವ ಹೊತ್ತಿಗೆ, ಮಗಳು ಹೋಟೆಲಿನ ಸಮವಸ್ತ್ರ ತೊಟ್ಟು ಸ್ಕೂಟರ್ ಹೊರಗೆ ತೆಗೆದಳು. ಗುಡಿಯ ಲಾಮಾಕ್ ಆಗಲೇ ಅಂಚಿನಲ್ಲಿ ಕಂದಿತ್ತು. ಮಿತ್ರರು ಕೊಟ್ಟ ಮಾತಿನಂತೆ ಗ್ರಂಥದ ಕಟ್ಟು ತಂದಿಟ್ಟರು. ಹಬ್ಬದ ದಿನಗಳನ್ನು ವಿಧಿಸುವ ‘ಸುಂದರೀಗಮ’ದ ಪ್ರತಿಯೂ ಅದರಲ್ಲಿತ್ತು. ಗರಿಯ ಕೆಲಸ ಮಾಡುವ ಬಗೆ ಅದರಲ್ಲಿದೆಯೇ ಎಂದು ಕೇಳಿದೆ. ಇಲ್ಲವೆಂದರು.

ಕುನಿಂಗಾನ್‌ದಂದು ಹಳದಿ ಅನ್ನವನ್ನು ಅರ್ಪಿಸಿ, ಗರಿಯಿಂದ ಮಾಡಿದ ಬುತ್ತಿಚೀಲವನ್ನು ಕಟ್ಟಿ, ನಡುಹಗಲಿಗೆ ಮೊದಲೇ ಪಿತೃಗಳನ್ನು ಬೀಳ್ಕೊಡುತ್ತಾರೆಂದು ಕೇಳಿದೆ. ಅಕ್ಟೋಬರ್ 5ರವರೆಗೆ ಅಲ್ಲಿರಲು ನನಗೆ ಅನುಕೂಲವಿರಲಿಲ್ಲ. ನಾನು ಹೊರಡುವ ದಿನ ಅಜ್ಜಿ ಗೋಡೆಯ ಪಂಚಾಂಗದ ಮುಂದೆ ನಿಂತು ಬೆರಳಿನಿಂದ ವಾರಗಳನ್ನು ಎಣಿಸುತ್ತಿದ್ದರು. ಮುಂದಿನ ಗಲುಂಗಾನ್ 2025ರ ಏಪ್ರಿಲ್ 23. ಆ ದಿನಕ್ಕೆ ರಜೆ ಬೇಕೆಂದು ಮೊಮ್ಮಗಳು ಹೋಟೆಲಿನಲ್ಲಿ ಆಗಲೇ ಹೆಸರು ಬರೆಸಿದ್ದಳಂತೆ.